ಬ್ಯಾಂಕಲ್ಲಿ ದುಡ್ಡಿದೆ ಅಂತ ಡಿವಿಡೆಂಡ್ ಎತ್ಬೇಡಿ, ಯುಕೆ ಕಾಂಟ್ರಾಕ್ಟರ್‌ಗಳೇ

ಯುಕೆಲಿ ಸ್ವಂತ ಲಿಮಿಟೆಡ್ ಕಂಪನಿ ಇಟ್ಕೊಂಡು ಐಟಿ ಕಾಂಟ್ರಾಕ್ಟ್ ಮಾಡೋರಿಗೆ ಇದು, ಸ್ವಲ್ಪ ಉದ್ದ ಇದೆ. ಇನ್‌ಸೈಡ್ ಐಆರ್35 ಇರೋರು, ಅಂದ್ರೆ ಟ್ಯಾಕ್ಸ್ ಲೆಕ್ಕದಲ್ಲಿ ಕ್ಲೈಂಟ್‌ನ ನೌಕರರ ಹಂಗೇ ಎಣಿಸಲ್ಪಡೋರು, ಬಿಟ್ಟುಬಿಡಿ, ಸ್ವಲ್ಪ ಸಂಬಳ, ಉಳಿದಿದ್ದು ಕಂಪನಿ ಲಾಭದ ಪಾಲು ಅಂತ ತಗೊಳ್ಳೋ ಸಂಬಳ-ಡಿವಿಡೆಂಡ್ ಆಟಾನೇ ನಿಮಗಿಲ್ಲ.

ತಿಂಗಳಿಗಿಷ್ಟು ಅಂತ ಫೀಸ್ ತಗೊಳ್ಳೋ ಒಬ್ಬ ಆನ್‌ಲೈನ್ ಅಕೌಂಟೆಂಟ್‌ನ ಹಿಡ್ಕೊಂಡಿದ್ದೆ, ಹೆಸರು ಬೇಡ. ಶುರುವಲ್ಲೇ ಒಂದು ಶೀಟ್ ಕಳ್ಸಿದ್ರು: ವರ್ಷಕ್ಕೆ ಸಂಬಳ 12,570 ಪೌಂಡ್, ಡಿವಿಡೆಂಡ್ 37,700, ಎರಡೂ ಸೇರಿ 50,270, ಅಲ್ಲಿಗೆ ನಿಲ್ಸಿ, ದಾಟಿದ್ರೆ ಡಿವಿಡೆಂಡ್ ಟ್ಯಾಕ್ಸ್ 8.75 ಪರ್ಸೆಂಟ್ ಇರೋದು 33.75ಕ್ಕೆ ಹಾರುತ್ತೆ ಅಂತ. 2024-25ಕ್ಕೆ ಆ ರೇಟೆಲ್ಲ ಸರೀನೇ. ಆದ್ರೆ ಶೀಟ್ ಮಾಡಿದ್ದು ವರ್ಷಪೂರ್ತಿ ಇನ್‌ವಾಯ್ಸ್ ಹೋಗುತ್ತೆ ಅಂತ. ನಡುವೆ ಕ್ಲೈಂಟ್ ಬಜೆಟ್ ಇಲ್ಲ ಅಂತ ಕಾಂಟ್ರಾಕ್ಟ್ ನಿಲ್ಸಿದ, ನಾನು ಕೂಡ್ಲೇ ಮೇಲ್ ಹಾಕಿ ಡಿವಿಡೆಂಡ್ ಕಮ್ಮಿ ಮಾಡ್ಲಾ ಅಂತ ಕೇಳ್ದೆ, ಅದಕ್ಕೆ ಬಂದ ಉತ್ತರ ಒಂದೇ ಸಾಲು, ಬ್ಯಾಲೆನ್ಸ್ ಇದೆಯಲ್ಲ, ಹಂಗೇ ತಗೊಳ್ತಾ ಇರಿ.

ಆ ಬ್ಯಾಲೆನ್ಸ್‌ನಲ್ಲಿ ಇನ್ನೂ ಕಟ್ಟದಿರೋ ವ್ಯಾಟ್ ಇತ್ತು, ಕಾರ್ಪೊರೇಷನ್ ಟ್ಯಾಕ್ಸ್ 19 ಪರ್ಸೆಂಟ್ ಇತ್ತು. ಅದೆಲ್ಲ ಕಳೆದು ಉಳಿದ ಲಾಭದಿಂದ ಮಾತ್ರ ಡಿವಿಡೆಂಡ್ ಕೊಡ್ಬೇಕು, ಕಂಪನಿ ಕಾಯ್ದೆನೇ ಹಂಗೆ ಹೇಳುತ್ತೆ. ಹಿಂದಿನ ವರ್ಷದ ಲಾಭ ಉಳಿದಿದ್ರೆ ಅದೂ ಸೇರುತ್ತೆ, ನಂದು ಮೊದಲ್ನೇ ವರ್ಷ.

ಮಾರ್ಚ್ ಅಕೌಂಟ್ಸ್ ಆದಾಗ ಉಳಿದ ಲಾಭ 26,500, ನಾನು ಎತ್ತಿದ್ದು 37,700. ಜಾಸ್ತಿ ಹೋದ 11,200 ಡಿವಿಡೆಂಡೇ ಅಲ್ವಂತೆ, ನಾನು ಕಂಪನಿಗೆ ಕೊಡ್ಬೇಕಾದ ಸಾಲವಂತೆ, ಡೈರೆಕ್ಟರ್ಸ್ ಲೋನ್. ಕಂಪನಿ ವರ್ಷ ಮುಗಿದು ಒಂಬತ್ತು ತಿಂಗಳು ಒಂದು ದಿನದೊಳಗೆ ವಾಪಸ್ ಹಾಕ್ದೇ ಇದ್ರೆ ಸೆಕ್ಷನ್ 455 ಅಂತ ಒಂದು ಟ್ಯಾಕ್ಸ್, ಆಗ 33.75 ಪರ್ಸೆಂಟ್ ಇತ್ತು, ನನ್ನ ಲೆಕ್ಕಕ್ಕೆ 3,780 ಪೌಂಡ್, ಕಂಪನಿ ಕಟ್ಬೇಕು. ಸಾಲ ತೀರಿಸಿದ್ಮೇಲೆ ಅದು ವಾಪಸ್ ಸಿಗುತ್ತೆ, ಆದ್ರೆ ತೀರಿಸಿದ ಆ ವರ್ಷ ಮುಗಿದು ಮತ್ತೆ ಒಂಬತ್ತು ತಿಂಗಳು ಕಾಯ್ಬೇಕು. ಸಾಲ 10,000 ದಾಟಿದ್ದಕ್ಕೆ ಇನ್ನೊಂದು ತಲೆನೋವು, ಬಡ್ಡಿ ಇಲ್ದೇ ಸಿಕ್ಕಿದ ಸಾಲನೂ ಒಂದು ಬೆನಿಫಿಟ್ ಅಂತ ನನಗೆ ಟ್ಯಾಕ್ಸ್, ಕಂಪನಿಗೆ ನ್ಯಾಷನಲ್ ಇನ್ಶೂರೆನ್ಸ್ ಅನ್ನೋ ಸರ್ಕಾರಿ ವಂತಿಗೆ. ಕೆಲಸ ಇಲ್ದೇ ಮನೇಲಿ ಕೂತಿರೋ ಟೈಮಲ್ಲಿ ಊರಲ್ಲಿದ್ದ ಎಫ್‌ಡಿ ಮುರಿಸಿ ದುಡ್ಡು ತರ್ಸಿ ತುಂಬ್ದೆ.

ಇದಕ್ಕೆ ಅಕೌಂಟೆಂಟ್ ಕೊಟ್ಟ ಐಡಿಯಾ ಕೇಳಿ: ಹೆಚ್ಚಾಗಿರೋದನ್ನ ಬೋನಸ್ ಅಂತ ತೋರ್ಸಿ ಹಳೇ ತಾರೀಖಲ್ಲಿ ಬೋರ್ಡ್ ಮಿನಿಟ್ಸ್ (ಡೈರೆಕ್ಟರ್ ಸಭೆಯ ತೀರ್ಮಾನದ ದಾಖಲೆ) ಬರೆದುಬಿಡೋಣ. ಸಹಿ ಹಾಕ್ಬೇಕಾದೋನು ನಾನು, ನಾಳೆ ಟ್ಯಾಕ್ಸ್ ಇಲಾಖೆ ಎಚ್‌ಎಂಆರ್‌ಸಿ ಮುಂದೆ ನಿಲ್ಬೇಕಾದೋನೂ ನಾನೇ! ಅವತ್ತೇ ಬೇರೆಯವರ ಹತ್ರ ಹೋದೆ.

ಈಗಿನವರು ಪ್ರತಿ ಡಿವಿಡೆಂಡ್‌ಗೂ ಮುಂಚೆ ಅಲ್ಲೀತನಕದ ಲಾಭ-ನಷ್ಟ ತೆಗೆದು, ಅವತ್ತಿನ ತಾರೀಖಲ್ಲೇ ಮಿನಿಟ್ಸ್, ವೋಚರ್ ಮಾಡಿಸ್ತಾರೆ. ವ್ಯಾಟ್, ಕಾರ್ಪೊರೇಷನ್ ಟ್ಯಾಕ್ಸ್ ದುಡ್ಡು ಬೇರೆ ಅಕೌಂಟಿಗೇ ಹೋಗುತ್ತೆ. ಹಳೇ ಶೀಟ್ ಇಟ್ಕೊಂಡಿರೋರು ಇನ್ನೊಂದು ನೋಡ್ಕೊಳ್ಳಿ, 2025 ಏಪ್ರಿಲ್‌ನಿಂದ ಎಂಪ್ಲಾಯರ್ ನ್ಯಾಷನಲ್ ಇನ್ಶೂರೆನ್ಸ್ 5,000 ದಾಟಿದ ಸಂಬಳಕ್ಕೆ 15 ಪರ್ಸೆಂಟ್, 12,570ಕ್ಕೆ ವರ್ಷಕ್ಕೆ 1,135 ಚಿಲ್ಲರೆ ಬೀಳುತ್ತೆ, ಸಂಬಳ ತಗೊಳ್ಳೋನು ಒಬ್ಬ ಡೈರೆಕ್ಟರ್ ಮಾತ್ರ ಇರೋ ಕಂಪನಿಗೆ ಅದರಲ್ಲಿ ಸಿಗೋ ಎಂಪ್ಲಾಯ್‌ಮೆಂಟ್ ಅಲೋಯನ್ಸ್ ಅನ್ನೋ ರಿಯಾಯ್ತಿನೂ ಇಲ್ಲ. ಹಂಗಂತ ಸಂಬಳ 5,000ಕ್ಕೆ ಇಳ್ಸೋಕೆ ಹೋಗ್ಬೇಡಿ, ಸಂಬಳದಿಂದ ಉಳಿಯೋ ಕಾರ್ಪೊರೇಷನ್ ಟ್ಯಾಕ್ಸ್ ಅದಕ್ಕಿಂತ ಜಾಸ್ತಿ.

ಇನ್ನೊಂದು, ಈ ದೇಶದಲ್ಲಿ ಯಾರು ಬೇಕಾದ್ರೂ ಅಕೌಂಟೆಂಟ್ ಅಂತ ಬೋರ್ಡ್ ಹಾಕ್ಕೋಬಹುದು. ಐಸಿಎಇಡಬ್ಲ್ಯು ಅಥವಾ ಎಸಿಸಿಎ ಅನ್ನೋ ಅಕೌಂಟೆಂಟ್‌ಗಳ ವೃತ್ತಿ ಸಂಸ್ಥೆಗಳ ಸದಸ್ಯರಾ ಅಂತ ಅವರ ಸೈಟಲ್ಲೇ ಹುಡುಕಿ ನೋಡಿ. ನಮ್ಮ ಪುಣ್ಯಾತ್ಮ ಎರಡರಲ್ಲೂ ಇರ್ಲಿಲ್ಲ, ಅಲ್ಲಿ ದೂರು ಕೊಡೋಣ ಅಂದ್ರೆ ಅದೂ ಆಗ್ಲಿಲ್ಲ.