ಆರಿಸಿದ ಅಗ್ಗದ ಪೆಲೆಟ್ಟೋ, ಜರ್ಮನಿಯ ಡಬ್ಬಿಯೋ?

ಮಲೆನಾಡಿನ ನಮ್ಮಜ್ಜ ಕೋವಿಯ ತೋಟಾ ತಾವೇ ತುಂಬಿಕೊಳ್ಳುತ್ತಿದ್ದರಂತೆ. ಮದ್ದೆಷ್ಟು, ಚರೆ ಎಷ್ಟು ಅನ್ನೋದು ಅವರದೇ ಲೆಕ್ಕ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅವರ ಶಿಕಾರಿ ನಿಂತಿತು, ಕೋವಿ ಗೋಡೆ ಸೇರಿತು. ಬೆಂಗಳೂರಿನಲ್ಲಿ ನನ್ನ ಪಾಲಿಗಿರುವುದು ಏರ್ ಪಿಸ್ತೂಲು, ಹತ್ತು ಮೀಟರ್ ದೂರದ ಕಾಗದದ ಗುರಿ. ಕೈಯಾರೆ ಮಾಡಿಕೊಂಡರೇ ಚೆನ್ನ ಅನ್ನೋ ಹುಚ್ಚು ಮಾತ್ರ ಅಜ್ಜನದೇ.

ಹಾಗಾಗಿ ಅಗ್ಗದ ಊರ ಪೆಲೆಟ್ (ಏರ್ ಪಿಸ್ತೂಲಿಗೆ ಹಾಕುವ ಸೀಸದ ಪುಟ್ಟ ಗುಂಡು) ತಂದು, ತೂಗಿ, ಆರಿಸಿ ಹೊಡೆದರೆ ಜರ್ಮನಿಯ ಮ್ಯಾಚ್ (ಸ್ಪರ್ಧೆಯ) ಪೆಲೆಟ್‌ಗೆ ಸಮ ಆಗುತ್ತಾ ಅಂತ ನೋಡಲು ಹೊರಟೆ.

ಪೆಲೆಟ್ ತೂಗಲು ಅಡುಗೆಮನೆ ತಕ್ಕಡಿ ಸಾಲದು. ನಗರ್ತಪೇಟೆಯಲ್ಲಿ ಚಿನ್ನದ ಕೆಲಸ ಮಾಡುವ ಗೆಳೆಯನ ಹತ್ತಿರ ಮಿಲಿಗ್ರಾಂ ತೋರಿಸುವ ತಕ್ಕಡಿ ಇತ್ತು. ಒಂದು ಪೆಲೆಟ್ ಸುಮಾರು ಅರ್ಧ ಗ್ರಾಂ, ಅವನ ಭಾಷೆಯಲ್ಲಿ ನಾಲ್ಕು ಗುಲಗಂಜಿ. ಅಗ್ಗದ ಡಬ್ಬಿಯಲ್ಲಿ 0.46 ಗ್ರಾಂನದೂ ಇತ್ತು, 0.52ರದೂ ಇತ್ತು. ಕೆಲವುಗಳ ಲಂಗದ, ಅಂದರೆ ಹಿಂಬದಿಯ ಅಗಲ ಭಾಗದ, ಅಂಚು ಸೊಟ್ಟ. ಎರಡು ಸಂಜೆ ಕತ್ತು ನೋಯಿಸಿಕೊಂಡು ಆರಿಸಿದೆ, ಅರ್ಧದಷ್ಟು ಪಕ್ಕಕ್ಕೆ ಹೋಯಿತು. (ಸೀಸ ಮುಟ್ಟಿದ ಕೈಯಲ್ಲಿ ಚಕ್ಕುಲಿ ತಿನ್ನಬೇಡ ಅಂತ ಗೆಳೆಯನಿಗೆ ಮೂರು ಸಲ ಹೇಳಬೇಕಾಯ್ತು.)

ಎದುರಿಗೆ ಇಟ್ಟಿದ್ದು ಜರ್ಮನಿಯ ಎರಡು: ಎಚ್ ಅಂಡ್ ಎನ್ ಫಿನಾಲೆ ಮ್ಯಾಚ್, 0.49 ಗ್ರಾಂ. ಆರ್‌ಡಬ್ಲ್ಯೂಎಸ್ ಆರ್ 10, 0.45 ಗ್ರಾಂ. ಎರಡೂ ಪಿಸ್ತೂಲಿನವು, ಮೂತಿ ಚಪ್ಪಟೆ.

ಮರಳುಚೀಲದ ಮೇಲೆ ಕೈ ಊರಿ, ಐದೈದು ಗುಂಡಿನ ಹತ್ತು ಗುಂಪು ಹೊಡೆದೆ. ಫಿನಾಲೆ, ಆರ್ 10 ಎರಡರ ಗುಂಪೂ, ಅಂದರೆ ಐದು ತೂತು ಹರಡಿದ ಅಗಲ, 8-9 ಮಿ.ಮೀ. ಒಳಗೇ. ಇವೆರಡರ ನಡುವೆ ಜಗಳವೇ ಇಲ್ಲ. ಆರಿಸಿದ ಅಗ್ಗದವು 13ರ ಆಸುಪಾಸು. ಆರಿಸದೆ ಡಬ್ಬಿಯಿಂದ ಹಾಗೇ ಹೊಡೆದವು 20 ದಾಟಿದವು. ಅಂದರೆ ಆರಿಸಿದ್ದು ವ್ಯರ್ಥವೇನಲ್ಲ.

ಏರ್ ಪಿಸ್ತೂಲಿನ ಗುರಿಯಲ್ಲಿ ಹತ್ತರ ಉಂಗುರದ ಅಡ್ಡಳತೆ 11.5 ಮಿ.ಮೀ., ಒಂಬತ್ತರದು 27.5. ನಿಂತು ಒಂದೇ ಕೈಯಲ್ಲಿ ಹೊಡೆದಾಗ ನನ್ನ ಗುಂಪು ಒಂಬತ್ತರಲ್ಲೂ ಪೂರ್ತಿ ಹಿಡಿಯುವುದಿಲ್ಲ. ಹಾಗಿದ್ದ ಮೇಲೆ ಈ ನಾಲ್ಕೈದು ಮಿ.ಮೀ. ಯಾರಿಗೆ ಬೇಕು, ಅಲ್ವಾ? ನಾನೂ ಹಾಗೇ ಅಂದುಕೊಂಡು ಒಂದು ತಿಂಗಳು ಆರಿಸಿದ ಅಗ್ಗದ್ದೇ ಹೊಡೆದೆ.

ತೊಂದರೆ ಬೇರೆ ಕಡೆ ಇತ್ತು. ಇಪ್ಪತ್ತಕ್ಕೊಂದು ಗುಂಡು ಸುಮ್ನೆ ಏಳರ ಉಂಗುರಕ್ಕೆ ಹಾರುತ್ತಿತ್ತು. ಟ್ರಿಗರ್ ಎಳೆದೆನಾ, ಮಣಿಕಟ್ಟು ಸಡಿಲ ಆಯ್ತಾ, ಪೆಲೆಟ್ ಕೆಟ್ಟದ್ದಾ? ಗೊತ್ತಾಗುತ್ತಿರಲಿಲ್ಲ. ಇಲ್ಲದ ತಪ್ಪನ್ನು ತಿದ್ದಲು ಹೋಗಿ ಇದ್ದ ಹಿಡಿತವನ್ನೂ ಹಾಳುಮಾಡಿಕೊಂಡೆ. ಫಿನಾಲೆಗೆ ವಾಪಸ್ ಬಂದ ಮೇಲೆ ಏಳು ಬಿದ್ದರೆ ಅದು ನನ್ನದೇ ಏಳು.

ಇನ್ನೊಂದು ರಗಳೆ, ಅಗ್ಗದ್ದರ ಮೂತಿ ಚೂಪು. ಚಪ್ಪಟೆ ಮೂತಿ ಕಾಗದದಲ್ಲಿ ದುಂಡಗೆ ಬಿಲ್ಲೆ ಕತ್ತರಿಸುತ್ತದೆ, ಚೂಪು ಮೂತಿ ಕಾಗದ ಹರಿದುಬಿಡುತ್ತದೆ. ಗೆರೆ ಮುಟ್ಟಿದರೆ ಮೇಲಿನ ಅಂಕ ಸಿಗುವ ಆಟದಲ್ಲಿ ಹರಿದ ತೂತು ನೋಡಿ ವಾದ ಮಾಡುತ್ತಾ ನಿಂತಿರಬೇಕು.

ಕೊನೆಗೆ ಫಿನಾಲೆಯಲ್ಲೇ ತಲೆಯ ಅಳತೆ 4.49 ಮತ್ತು 4.50 ಮಿ.ಮೀ. ಎರಡನ್ನೂ ಹೊಡೆದೆ. ನನ್ನ ಬ್ಯಾರಲ್‌ಗೆ 4.50 ಸ್ವಲ್ಪ ಜಾಸ್ತಿ ಒಗ್ಗಿತು. ಎರಡು ಬ್ರ್ಯಾಂಡಿನ ನಡುವೆ ಕಾಣದ ವ್ಯತ್ಯಾಸ ಈ ನೂರನೇ ಒಂದು ಮಿಲಿಮೀಟರಿನಲ್ಲಿ ಕಂಡಿತು. ನಿಮ್ಮ ಬ್ಯಾರಲ್‌ಗೆ ಉಲ್ಟಾ ಇರಬಹುದು. ಒಂದೊಂದು ಡಬ್ಬಿ ತಂದು ಹೊಡೆದೇ ನೋಡಬೇಕು.

ಆರ್ 10 ಗೆಳೆಯನಿಗೆ ಕೊಟ್ಟೆ. ಆರಿಸಿದ ಅಗ್ಗದವು ಇನ್ನೂ ನೂರಿವೆ, ಊರಿನಿಂದ ಬರುವ ಅಕ್ಕನ ಮಕ್ಕಳಿಗೆ ಪಿಸ್ತೂಲು ಹಿಡಿಯುವುದನ್ನು ಕಲಿಸಲು.