ಬೇಕರ್ ಸ್ಟ್ರೀಟ್ 221ಬಿ: ಪತ್ತೇದಾರಿ ಕತೆಯ ಹುಚ್ಚಿರುವ ಮಕ್ಕಳಿಗೆ

ಕತೆಗಳಲ್ಲಿ ಪತ್ತೇದಾರ ಷರ್ಲಾಕ್ ಹೋಮ್ಸನ ಮನೆಯ ವಿಳಾಸ ಬೇಕರ್ ಸ್ಟ್ರೀಟ್ 221ಬಿ. ಲಂಡನ್ನಿನ ಷರ್ಲಾಕ್ ಹೋಮ್ಸ್ ಮ್ಯೂಸಿಯಂಗೆ ಕತೆ ಓದದ ಮಗುವನ್ನು ಕರೆದೊಯ್ದರೆ ಅದಕ್ಕೆ ಕಾಣುವುದು ಹಳೇ ಕುರ್ಚಿ, ಮಂಕು ಬೆಳಕು, ಮೇಣದ ಗೊಂಬೆ ಇಷ್ಟೇ. ನಾಲ್ಕು ಕತೆ ಓದಿಕೊಂಡು ಬಂದ ಮಗುವಿಗೆ ಅದೇ ಕೋಣೆ ತುಂಬ ಸುಳಿವುಗಳು. ಹೋಮ್ಸನ ಬಗ್ಗೆ ಲೇಖಕ ಕಾನನ್ ಡಾಯ್ಲ್ ಬರೆದಿರುವುದು 4 ಕಾದಂಬರಿ, 56 ಸಣ್ಣ ಕತೆ; ಎಲ್ಲವನ್ನೂ ಮುಗಿಸಬೇಕಿಲ್ಲ. ‘ಎ ಸ್ಕ್ಯಾಂಡಲ್ ಇನ್ ಬೊಹೀಮಿಯಾ’, ‘ದಿ ಮಸ್‌ಗ್ರೇವ್ ರಿಚುವಲ್’, ‘ದಿ ರೆಡ್-ಹೆಡೆಡ್ ಲೀಗ್’, ‘ದಿ ಸ್ಪೆಕಲ್ಡ್ ಬ್ಯಾಂಡ್’ ಸಾಕು. ಕೊನೆಯದರಲ್ಲಿ ಭಾರತದಿಂದ ತಂದ ಹಾವೊಂದು ಬಟ್ಟಲಿನ ಹಾಲಿಗೆ, ಸಿಳ್ಳಿನ ಸದ್ದಿಗೆ ಪಳಗಿರುತ್ತದೆ. ಹಾವಿಗೆ ಹಾಲು ಆಹಾರವಲ್ಲ, ಹೊರಕಿವಿಯೂ ಇಲ್ಲ. ನಾಗರಪಂಚಮಿಯ ಹೊತ್ತಿಗೆ ಈ ಮಾತು ಕೇಳಿ ಬೆಳೆದ ನಮ್ಮ ಮಕ್ಕಳು ಹೋಮ್ಸನ ತರ್ಕದಲ್ಲೇ ತಪ್ಪು ಹಿಡಿಯಬಲ್ಲರು. ಹಿಡಿಯಲಿ, ಪತ್ತೇದಾರಿಕೆ ಶುರುವಾಗುವುದೇ ಅಲ್ಲಿಂದ.

ತನಿಖೆಯನ್ನು ಬೀದಿಯಲ್ಲೇ ಆರಂಭಿಸಿ. ಬೇಕರ್ ಸ್ಟ್ರೀಟ್ ನಿಲ್ದಾಣ 1863ರಲ್ಲಿ ತೆರೆದ, ಜಗತ್ತಿನ ಮೊದಲ ಸುರಂಗ ರೈಲುಮಾರ್ಗದ್ದು. ಒಳಗಿನ ಗೋಡೆಯ ಟೈಲ್ಸ್ ಮೇಲೆ ಹೋಮ್ಸನ ನೆರಳುಚಿತ್ರವಿದೆ, ಹೊರಗೆ 1999ರಲ್ಲಿ ನಿಲ್ಲಿಸಿದ ಪ್ರತಿಮೆ. ಅಲ್ಲಿಂದ ಮ್ಯೂಸಿಯಂಗೆ ಕೆಲವೇ ನಿಮಿಷಗಳ ನಡಿಗೆ. ಬಾಗಿಲು ಬಂದಾಗ ನಿಂತು, ಅಕ್ಕಪಕ್ಕದ ಮನೆ ನಂಬರ್ ಓದಲು ಮಗುವಿಗೆ ಹೇಳಿ. ಒಂದು ಕಡೆ 237, ಇನ್ನೊಂದು ಕಡೆ 241, ನಡುವೆ 221ಬಿ. ಬೀದಿಯ ಈ ಬದಿಗೆ ಬೆಸಸಂಖ್ಯೆಗಳೇ ಇರುವುದನ್ನು ಗಮನಿಸಿದ ಮಗು, ಇದು ನಿಜಕ್ಕೂ 239 ಎಂದು ತಾನೇ ಕಂಡುಹಿಡಿಯುತ್ತದೆ. ಇಡೀ ಭೇಟಿಯಲ್ಲಿ ಇದಕ್ಕಿಂತ ಒಳ್ಳೆಯ ಒಗಟು ಇನ್ನೊಂದಿಲ್ಲ, ಅದಕ್ಕೆ ಟಿಕೆಟ್ಟೂ ಬೇಡ. ಉತ್ತರ ದೊಡ್ಡವರಿಗೆ ಗೊತ್ತಿರಲಿ: ಕತೆಗಳು ಬಂದ ಕಾಲಕ್ಕೆ ಬೇಕರ್ ಸ್ಟ್ರೀಟಿನ ಮನೆ ನಂಬರ್ 221ರವರೆಗೆ ಹೋಗುತ್ತಲೇ ಇರಲಿಲ್ಲ. 1930ರ ದಶಕದಲ್ಲಿ 219ರಿಂದ 229ರವರೆಗಿನ ಜಾಗ ಮುಂದೆ ಅಬ್ಬೆ ನ್ಯಾಷನಲ್ ಎನಿಸಿದ ಹಣಕಾಸು ಸಂಸ್ಥೆಯದಾಯಿತು. ಹೋಮ್ಸನ ಹೆಸರಿಗೆ ಬರುವ ಪತ್ರಗಳಿಗೆ ಉತ್ತರ ಬರೆಯಲೆಂದೇ ಅವರು ಒಬ್ಬ ಕಾರ್ಯದರ್ಶಿಯನ್ನು ಇಟ್ಟುಕೊಂಡಿದ್ದರು. ಮ್ಯೂಸಿಯಂ ತೆರೆದದ್ದು 1990ರಲ್ಲಿ, 1815ರ ಮನೆಯೊಂದರಲ್ಲಿ. ಗೋಡೆಯ ನೀಲಿ ಫಲಕ ಹೋಮ್ಸ್ 1881ರಿಂದ 1904ರವರೆಗೆ ಇಲ್ಲಿದ್ದನೆನ್ನುತ್ತದೆ. ಮಗು ‘ನಿಜವಾಗಿ ಇದ್ದನಾ?’ ಎಂದು ಕೇಳಿದರೆ ಇಲ್ಲವೆಂದೇ ಹೇಳಿ. ಸುಳಿವು ಹುಡುಕಲು ಕಲಿಸಲೆಂದು ಬಂದವರು ಉತ್ತರ ಮುಚ್ಚಿಡಬಾರದು.

ಒಳಗೆ ಮೊದಲ ಮಹಡಿಗೆ ಹದಿನೇಳು ಮೆಟ್ಟಿಲು. ದಿನವೂ ಹತ್ತುವ ಮೆಟ್ಟಿಲು ಎಷ್ಟೆಂದು ಹೋಮ್ಸನ ಗೆಳೆಯ ವಾಟ್ಸನ್‌ಗೆ ಗೊತ್ತಿಲ್ಲದಿರುವುದು ಬೊಹೀಮಿಯಾ ಕತೆಯ ಪ್ರಸಿದ್ಧ ಪ್ರಸಂಗ. ಎಣಿಸು ಎಂದು ಮೊದಲೇ ಹೇಳಿದರೆ ಆಟ ಕೆಟ್ಟಿತು. ಕೆಳಗಿಳಿದ ಮೇಲೆ ಕೇಳಿ.

ಬೀದಿಗೆ ಮುಖಮಾಡಿದ ಬೈಠಕ್ ಕೋಣೆಯೇ ಈ ಮನೆಯ ಜೀವ. ನಿಮ್ಮ ಸಮಯದಲ್ಲಿ ಅರ್ಧವನ್ನು ಇಲ್ಲೇ ಕಳೆಯಿರಿ. ಮಸ್‌ಗ್ರೇವ್ ಕತೆಯ ಮೊದಲ ಪುಟಗಳಲ್ಲಿ ಕೋಣೆಯ ಅಸ್ತವ್ಯಸ್ತದ ವರ್ಣನೆಯಿದೆ: ಪರ್ಶಿಯನ್ ಚಡಾವಿನ ತುದಿಯಲ್ಲಿ ತಂಬಾಕು, ಕಲ್ಲಿದ್ದಲ ತೊಟ್ಟಿಯಲ್ಲಿ ಸಿಗಾರ್, ಚಾಕು ಚುಚ್ಚಿ ನಿಲ್ಲಿಸಿದ ಪತ್ರಗಳು, ಗುಂಡು ಹಾರಿಸಿ ಗೋಡೆಯಲ್ಲಿ ಬರೆದ ‘ವಿ.ಆರ್.’ (ವಿಕ್ಟೋರಿಯಾ ರೆಜೈನಾ, ಅಂದರೆ ವಿಕ್ಟೋರಿಯಾ ರಾಣಿ). ಇದನ್ನು ಮೊದಲೇ ಚೀಟಿಯಲ್ಲಿ ಬರೆದುಕೊಟ್ಟು, ಸಿಕ್ಕಿದ್ದಕ್ಕೆ ಗುರುತು ಹಾಕಿಸಿ. ಸಿಗದಿದ್ದುದನ್ನೂ ಬರೆಯಲಿ. ಪಿಟೀಲು, ರಸಾಯನಶಾಸ್ತ್ರದ ಮೇಜು ತಾವಾಗಿ ಕಣ್ಣಿಗೆ ಬೀಳುತ್ತವೆ, ಅವನ್ನು ಪಟ್ಟಿಗೆ ಸೇರಿಸಬೇಡಿ. ವಿವರಣೆಯ ಫಲಕಗಳು ಕಡಿಮೆ, ಆದ್ದರಿಂದ ಚೀಟಿ ಇಲ್ಲದೆ ಬಂದ ಮಗು ಐದೇ ನಿಮಿಷಕ್ಕೆ ‘ಮುಂದೇನು?’ ಎನ್ನುತ್ತದೆ.

ಎರಡನೇ ಮಹಡಿಯಲ್ಲಿ ವಾಟ್ಸನ್ ಮತ್ತು ಮನೆಯೊಡತಿ ಮಿಸೆಸ್ ಹಡ್ಸನ್ ಕೋಣೆಗಳು. ಮೂರನೆಯದರಲ್ಲಿ ಕತೆಗಳ ದೃಶ್ಯಗಳನ್ನು ತೋರಿಸುವ ಮೇಣದ ಗೊಂಬೆಗಳು. ಹೋಮ್ಸನ ಕಡುವೈರಿ ಮೊರಿಯಾರ್ಟಿಯೂ ಇದ್ದಾನೆ. ಇಷ್ಟು ಚಿಕ್ಕ ಕೋಣೆಯಲ್ಲಿ ಗೊಂಬೆ ಮೈಗೆ ತಾಗುವಷ್ಟು ಹತ್ತಿರ ನಿಂತಿರುವುದರಿಂದ ಆರು ವರ್ಷದೊಳಗಿನವರು ಹೆದರಬಹುದು. ಒಂಬತ್ತರಿಂದ ಹದಿಮೂರರವರಿಗೆ ಈ ಮನೆ ಚೆನ್ನಾಗಿ ಹಿಡಿಸುತ್ತದೆ.

ಕೊರತೆಗಳೂ ಇವೆ. ಲಿಫ್ಟ್ ಇಲ್ಲ, ಮೆಟ್ಟಿಲು ಕಡಿದಾಗಿ ಇಕ್ಕಟ್ಟಾಗಿವೆ. ಮಂಡಿನೋವಿನ ಅಜ್ಜಿ ತಾತಂದಿರು ಕೆಳಗಿನ ಅಂಗಡಿಯಲ್ಲಿ ಕೂರುವಂತೆ ಯೋಜಿಸಿಕೊಳ್ಳಿ, ಅಂಗಡಿಗೆ ಪ್ರವೇಶ ಉಚಿತ. ಕೋಣೆಗಳು ಸಣ್ಣವಾದ್ದರಿಂದ ಮುಂದೆ ಹತ್ತು ಜನ ಇದ್ದರೂ ಮಗುವಿನ ಎತ್ತರಕ್ಕೆ ಏನೂ ಕಾಣದು. ಟಿಕೆಟ್ ಮುಂಚೆಯೇ ಆನ್‌ಲೈನ್‌ನಲ್ಲಿ ತೆಗೆದು, ವಾರದ ದಿನ ಬೆಳಗಿನ ಮೊದಲ ಸರದಿಯಲ್ಲೇ ಹೋಗಿ. ಸುತ್ತಾಡಲು ಒಂದು ಗಂಟೆ ಧಾರಾಳ. ಬೆರಳಚ್ಚು ತೆಗೆಯುವ, ಕೈಯಾರೆ ಪ್ರಯೋಗ ಮಾಡುವ ಆಸೆ ಹೊತ್ತು ಬಂದ ಮಗುವಿಗೆ ಬೇಸರವಾಗುತ್ತದೆ. ಇಲ್ಲಿ ಕಣ್ಣಿಗಷ್ಟೇ ಕೆಲಸ ಎಂದು ಮೊದಲೇ ತಿಳಿಸಿ. ದುಡ್ಡಿಗೆ ಮೋಸವಿಲ್ಲ, ಆದರೆ ಕತೆ ಓದದವರಿಗೆ ಟಿಕೆಟ್ ದುಬಾರಿಯೇ.

ಹೊರಬಂದ ಮೇಲೆ ಚೀಟಿ ಹಿಡಿದು ಪಕ್ಕದ ರೀಜೆಂಟ್ಸ್ ಪಾರ್ಕಿನಲ್ಲಿ ಕೂತು ಲೆಕ್ಕ ನೋಡಿ. ಬಿಡುವಿದ್ದರೆ ನಾರ್ಥಂಬರ್ಲೆಂಡ್ ಸ್ಟ್ರೀಟಿನ ಷರ್ಲಾಕ್ ಹೋಮ್ಸ್ ಪಬ್ಬಿಗೂ ಹೋಗಬಹುದು. 1951ರ ಫೆಸ್ಟಿವಲ್ ಆಫ್ ಬ್ರಿಟನ್ ಪ್ರದರ್ಶನಕ್ಕೆಂದು ಕಟ್ಟಿದ ಇನ್ನೊಂದು ಹೋಮ್ಸ್ ಕೋಣೆ ಅಲ್ಲಿ ಮೇಲಿನ ಊಟದ ಹಾಲ್ ಪಕ್ಕ ಗಾಜಿನ ಹಿಂದಿದೆ. ಅದೇ ಚೀಟಿಯನ್ನು ಅಲ್ಲೂ ಹೊರತೆಗೆದು, ಎರಡರಲ್ಲಿ ಯಾವ ಕೋಣೆ ಕತೆಗೆ ಹತ್ತಿರ ಎಂದು ಮಗುವನ್ನೇ ತೀರ್ಮಾನಿಸಲು ಬಿಡಿ.