ಮನೆಗೆ ತಂದ ಡ್ರಿಲ್ ಮೆಷಿನ್: ಎರಡು ಮಳೆಗಾಲದ ನಂತರ ಒಂದು ಗುಂಡಿಯ ತಕರಾರು

ಈ ಡ್ರಿಲ್ ಮೆಷಿನ್‌ನ ಹಿಡಿಯ ಎಡಗಡೆ, ಸರಿಯಾಗಿ ಹೆಬ್ಬೆರಳು ಕೂರುವ ಜಾಗದಲ್ಲಿ, ಒಂದು ಸಣ್ಣ ಗುಂಡಿ ಇದೆ. ನಾನು ಬರೆಯಲು ಕೂತದ್ದೇ ಆ ಗುಂಡಿಯ ಮೇಲಿನ ಸಿಟ್ಟಿಗೆ. ಆದರೆ ಬರೀ ಬೈದು ಎದ್ದರೆ ಮೆಷಿನ್‌ಗೆ ಅನ್ಯಾಯ ಮಾಡಿದ ಹಾಗೆ. ಎರಡು ಮಳೆಗಾಲ ನಮ್ಮ ಮನೆಯಲ್ಲಿ ದುಡಿದಿದೆ ಪಾಪ. ಹಾಗಾಗಿ ಮೊದಲಿಂದ ಹೇಳುತ್ತೇನೆ.

ಕಂಪನಿ ಹೆಸರು ಬರೆಯುವುದಿಲ್ಲ. ಈ ಬೆಲೆಯ, ವೈರ್ ಇರುವ ಇಂಪ್ಯಾಕ್ಟ್ ಡ್ರಿಲ್‌ಗಳು ಹೆಚ್ಚುಕಮ್ಮಿ ಒಂದೇ ಥರ. ವಾಟ್ ಎಷ್ಟು, ಆರ್‌ಪಿಎಂ ಎಷ್ಟು ಅನ್ನುವುದು ಡಬ್ಬದ ಮೇಲೇ ಇದೆ, ನೀವೂ ನೋಡಿರುತ್ತೀರಿ. ನಾನು ಆಫರ್‌ನಲ್ಲಿ ₹2,400 ಕೊಟ್ಟು ತಗೊಂಡೆ. ಪ್ಲಾಸ್ಟಿಕ್ ಪೆಟ್ಟಿಗೆ, ಸುತ್ತಿಗೆ, ಅಳತೆ ಟೇಪು, ಒಂದು ರಾಶಿ ಸ್ಕ್ರೂ ಎಲ್ಲ ಸೇರಿದ ಕಿಟ್.

ತಗೊಂಡ ಕಾರಣ ನನ್ನ ಮಗ. ಆಗಷ್ಟೇ ನಡೆಯಲು ಕಲಿತಿದ್ದ. ನಡೆಯಲು ಕಲಿತವನು ನಡೆಯಬೇಕು ತಾನೇ? ಇವನು ಹತ್ತಲು ಶುರು ಮಾಡಿದ. ಪುಸ್ತಕದ ಕಪಾಟಿನ ಕೆಳಗಿನ ಡ್ರಾಯರ್ ಎಳೆಯುವುದು, ಅದನ್ನೇ ಮೆಟ್ಟಿಲು ಮಾಡಿಕೊಂಡು ಮೇಲಿನ ತಟ್ಟೆಗೆ ಕೈಹಾಕುವುದು. ಆಳೆತ್ತರದ ಕಪಾಟು ಮುಂದಕ್ಕೆ ವಾಲಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಅದನ್ನು ಗೋಡೆಗೆ ಬಿಗಿಯಲು ಬಡಗಿಗೆ ಫೋನ್ ಮಾಡಿದೆ. "ನಾಳೆ ಬರ್ತೇನೆ ಅಕ್ಕ" ಅಂದರು. ಆ ನಾಳೆ ಬರಲೇ ಇಲ್ಲ. ಅವರದ್ದೂ ತಪ್ಪಲ್ಲ ಬಿಡಿ, ಎರಡು ಸ್ಕ್ರೂ ಹಾಕಲು ಬೈಕ್ ಹತ್ತಿ ಯಾರು ಬರುತ್ತಾರೆ? ಬಂದರೂ ಕನಿಷ್ಠ ₹500. ಅಂಥ ಐದು ಕೆಲಸ ಸೇರಿದರೆ ಮೆಷಿನ್‌ನ ದುಡ್ಡಾಯಿತು. ಮನೆಯಲ್ಲಿ ಅಂಥವು ಐವತ್ತಿದ್ದವು.

ಇನ್ನು ಗೋಡೆ. ಮಂಗಳೂರಿನ ಕಡೆಯವರಿಗೆ ಇದು ಮುಖ್ಯ. ನಮ್ಮದು ಮಾವ ಕಟ್ಟಿಸಿದ ಕೆಂಪು ಕಲ್ಲಿನ ಮನೆ. ಮೇಲೆ ಸಿಮೆಂಟ್ ಗಾರೆ, ಒಳಗೆ ಮುರಕಲ್ಲು, ಅಂದರೆ ಅದೇ ಕೆಂಪು ಕಲ್ಲು. ಅಂತರ್ಜಾಲದ ವಿಡಿಯೋಗಳಲ್ಲಿ ತೋರಿಸುವುದೆಲ್ಲ ಕಾಂಕ್ರೀಟಿನ ಗೋಡೆ, ಇಲ್ಲವೇ ಇಟ್ಟಿಗೆ ಗೋಡೆ. ಅವರು ಮೊದಲಿಂದಲೇ ಹ್ಯಾಮರ್ (ತಿರುಗುತ್ತಲೇ ಗುದ್ದುವ ಸೆಟ್ಟಿಂಗ್) ಹಾಕಿ ಗುದ್ದುತ್ತಾರೆ. ಮುರಕಲ್ಲಿಗೆ ಹಾಗೆ ಮಾಡಿದರೆ ಕಲ್ಲು ಪುಡಿಪುಡಿಯಾಗಿ ತೂತು ದೊಡ್ಡದಾಗುತ್ತದೆ, ಗಿಟ್ಟಿ (ಸ್ಕ್ರೂ ಕಚ್ಚಿಕೊಳ್ಳಲಿ ಅಂತ ತೂತಿಗೆ ತುರುಕುವ ಬಿರಡೆ) ಒಳಗೆ ಸುಮ್ನೆ ತಿರುಗುತ್ತದೆ. ನಾನು ಈಗ ಮೇಲಿನ ಸ್ವಿಚ್ಚನ್ನು ಮಾಮೂಲಿ ಡ್ರಿಲ್‌ಗೇ ಇಟ್ಟುಕೊಂಡು ನಿಧಾನ ಕೊರೆಯುತ್ತೇನೆ. ಮೊದಲು ಬೂದು ಬಣ್ಣದ ಪುಡಿ ಬರುತ್ತದೆ, ಸದ್ದು ಕರ್ಕಶ. ಗಾರೆ ದಾಟಿದ ಕೂಡಲೇ ಸದ್ದು ಮಂದವಾಗುತ್ತದೆ, ಪುಡಿ ಕೆಂಪಾಗುತ್ತದೆ, ಬಿಟ್ (ಕೊರೆಯುವ ಕಡ್ಡಿ) ಸರಕ್ಕನೆ ಒಳಗೆ ಹೋಗುತ್ತದೆ. ಆ ಹೊತ್ತಿಗೆ ಕೈಯ ಒತ್ತಡ ಕಮ್ಮಿ ಮಾಡಬೇಕು. ಕಿಟ್ ಜೊತೆ ಬಂದ ಒಂದಿಂಚಿನ ಸ್ಕ್ರೂ ಇಂಥ ಗೋಡೆಗೆ ಪ್ರಯೋಜನವಿಲ್ಲ. ಅದು ಗಾರೆಯಲ್ಲೇ ಉಳಿಯುತ್ತದೆ, ಭಾರ ಬಿದ್ದರೆ ಗಾರೆಯ ಸಮೇತ ಕಿತ್ತು ಬರುತ್ತದೆ. ಕಪಾಟಿನ ಎಲ್ ಕ್ಲ್ಯಾಂಪಿಗೆ 8 ಎಂಎಂ ಗಿಟ್ಟಿ, ಎರಡಿಂಚಿನ ಸ್ಕ್ರೂ ಹಾಕಿದೆ. ನನ್ನ ಗಂಡ ಎರಡೂ ಕೈಯಲ್ಲಿ ಎಳೆದು ನೋಡಿದರು. ಮಗ ನೇತಾಡಿ ನೋಡಿದ. ಕಪಾಟು ಜಗ್ಗಲಿಲ್ಲ.

ಹೊಸದಾಗಿ ಕಟ್ಟಿದ ಹಿಂದಿನ ಕೋಣೆಯಲ್ಲಿ ಮಾತ್ರ ಈ ಮೆಷಿನ್‌ನ ಬಂಡವಾಳ ಗೊತ್ತಾಯಿತು. ಕರ್ಟನ್ ರಾಡ್ ಹಾಕುವ ಜಾಗ ಅಂದರೆ ಕಿಟಕಿಯ ಮೇಲಿನ ಲಿಂಟಲ್, ಅಂದರೆ ಅಪ್ಪಟ ಕಾಂಕ್ರೀಟು. ಹ್ಯಾಮರ್ ಹಾಕಿದರೂ ಬಿಟ್ ಬಿಸಿಯಾಗಿ ವಾಸನೆ ಬರುತ್ತದೆ, ತೂತು ಮಾತ್ರ ಅರ್ಧ ಇಂಚು. ಅಂಥ ಕೆಲಸಕ್ಕೆ ಇದಕ್ಕಿಂತ ಜೋರಾಗಿ ಗುದ್ದುವ ದೊಡ್ಡ ಮೆಷಿನ್, ರೋಟರಿ ಹ್ಯಾಮರೇ ಬೇಕು. ಚಾವಣಿಗೆ ಉಯ್ಯಾಲೆಯ ಕೊಕ್ಕೆ ಹಾಕಿಕೊಡು ಅಂತ ಅತ್ತೆ ಕೇಳಿದಾಗ ನಾನು ಆಗುವುದಿಲ್ಲ ಅಂದುಬಿಟ್ಟೆ. ಮಕ್ಕಳ ಭಾರ ಹೊರುವ ಕೊಕ್ಕೆ ಸ್ಲ್ಯಾಬ್ ಹಾಕುವಾಗಲೇ ಸರಳಿಗೆ ಕಟ್ಟಿ ಬಿಡಬೇಕಾದದ್ದು. ಆಮೇಲೆ ಹಾಕುವುದಾದರೆ ಗೊತ್ತಿದ್ದವರು, ದೊಡ್ಡ ಮೆಷಿನ್ ಹಿಡಿದು ಹಾಕಲಿ.

ಈಗ ಗುಂಡಿಗೆ ಬರುತ್ತೇನೆ.

ಅದರ ಕೆಲಸ ಇಷ್ಟೇ. ಟ್ರಿಗರ್ ಒತ್ತಿ ಹಿಡಿದಾಗ ಈ ಗುಂಡಿ ಒತ್ತಿದರೆ ಟ್ರಿಗರ್ ಲಾಕ್ ಆಗುತ್ತದೆ. ಬೆರಳು ತೆಗೆದರೂ ಮೆಷಿನ್ ತಿರುಗುತ್ತಲೇ ಇರುತ್ತದೆ. ಇನ್ನೊಮ್ಮೆ ಟ್ರಿಗರ್ ಒತ್ತಿ ಬಿಟ್ಟರೆ ನಿಲ್ಲುತ್ತದೆ. ದಿನವಿಡೀ ಕೊರೆಯುವ ಕೆಲಸಗಾರರಿಗೆ ಬೆರಳು ನೋಯದಿರಲಿ ಅಂತ ಮಾಡಿದ್ದಂತೆ. ಸರಿ. ಆದರೆ ಗೋಡೆಗೆ ಒತ್ತಿ ಹಿಡಿದಾಗ ನನ್ನ ಹೆಬ್ಬೆರಳು ಅಲ್ಲೇ ಕೂರುತ್ತದೆ. ಗೊತ್ತೇ ಆಗದೆ ಅದು ಒಳಗೆ ಹೋಗಿಬಿಡುತ್ತದೆ.

ಮೇ ತಿಂಗಳ ಒಂದು ಸಂಜೆ. ಗುಡುಗು ಶುರುವಾಗಿತ್ತು. ಅರ್ಧ ತೂತು ಆಗುವಾಗ ಕರೆಂಟ್ ಹೋಯಿತು. ಮೆಷಿನ್ ನಿಂತಿತು. ನಾನು ಅದನ್ನು ನೆಲದ ಮೇಲಿಟ್ಟು ಬೆವರು ಒರೆಸಿಕೊಳ್ಳುತ್ತಿದ್ದೆ. ಕರೆಂಟ್ ಬಂತು. ಫ್ಯಾನ್ ತಿರುಗಿತು, ಜೊತೆಗೆ ಡ್ರಿಲ್ಲೂ. ಗುಂಡಿ ಒಳಗೇ ಇತ್ತು. ನೆಲದ ಮೇಲೆ ಮೆಷಿನ್ ಕಿರುಚಿಕೊಂಡು ತನ್ನಷ್ಟಕ್ಕೆ ಸುತ್ತತೊಡಗಿತು, 8 ಎಂಎಂ ಬಿಟ್ ನಮ್ಮ ರೆಡ್ ಆಕ್ಸೈಡ್ ನೆಲವನ್ನು ಗೀಚುತ್ತಾ. ಮಗ ಎರಡು ಮಾರು ಆಚೆ ಚಾಪೆಯ ಮೇಲೆ ಕೂತಿದ್ದ. ನಾನು ಪ್ಲಗ್ ಕಿತ್ತೆ. ಯಾರಿಗೂ ಏನೂ ಆಗಲಿಲ್ಲ. ನೆಲದ ಮೇಲೆ ಬಿಲ್ಲಿನ ಆಕಾರದ ಗೀರು ಮಾತ್ರ ಈಗಲೂ ಇದೆ. ಮಗನಿಗೆ ಅದು ತಮಾಷೆ. ಅವನು ಅದರ ಮೇಲೆ ಆಟಿಕೆ ಕಾರು ಓಡಿಸುತ್ತಾನೆ.

ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. "ಅದು ಲಾಕ್ ಆನ್ ಫೀಚರ್ ಮೇಡಂ" ಅಂದರು. ಕರೆಂಟ್ ಹೋದಾಗ ಪ್ಲಗ್ ತೆಗೆಯಬೇಕು ಅಂತ ಪುಸ್ತಕದಲ್ಲಿದೆಯಂತೆ. ಇದೆ, ನಾನೂ ಹುಡುಕಿದೆ. ಇರುವೆ ಸಾಲಿನಂಥ ಅಕ್ಷರದಲ್ಲಿದೆ. ದುಬಾರಿಯ ಕೆಲವು ಮೆಷಿನ್‌ಗಳಲ್ಲಿ ಕರೆಂಟ್ ವಾಪಸ್ ಬಂದಾಗ ತಾನಾಗಿ ಶುರುವಾಗದಂತೆ ವ್ಯವಸ್ಥೆ ಇರುತ್ತದೆ. ಹೋಗಿ ಬರುವುದೇ ಕರೆಂಟಿನ ಕೆಲಸವಾಗಿರುವ ನಮ್ಮಂಥ ಊರಿಗೆ, ಅದೂ ಮನೆಬಳಕೆ ಅಂತ ಹೇಳಿ ಮಾರುವ ಮೆಷಿನ್‌ಗೆ ಅದು ಬೇಡವಾ? ಡಬ್ಬದ ಮೇಲೆ ಅಪ್ಪ, ಅಮ್ಮ, ಮಗು ಮೂವರೂ ನಗುವ ಚಿತ್ರ ಬೇರೆ.

ಆಮೇಲೆ ಮೆಷಿನ್ ಅಟ್ಟ ಸೇರಿತು. ಇಡೀ ಮಳೆಗಾಲ ಅಲ್ಲೇ. ಬಿಟ್‌ಗಳಿಗೆ ತುಕ್ಕು ಹಿಡಿಯಿತು. (ಕರಾವಳಿಯವರು ಬಿಟ್‌ಗೂ ಅದನ್ನು ಕಚ್ಚಿ ಹಿಡಿಯುವ ಚಕ್‌ಗೂ ಒಂದು ಹನಿ ತೆಂಗಿನೆಣ್ಣೆ ಸವರಿ ಇಡಿ. ಗೋಡೆಗೆ ಸ್ಟೇನ್‌ಲೆಸ್ ಸ್ಕ್ರೂ ಹಾಕಿ, ಇಲ್ಲದಿದ್ದರೆ ಮಳೆ ಮುಗಿಯುವಾಗ ಗೋಡೆ ಮೇಲೆ ತುಕ್ಕಿನ ನೀರು ಇಳಿದಿರುತ್ತದೆ.)

ಕೆಳಗೆ ಇಳಿಸಿದ್ದು ಮಗಳ ರೈನ್‌ಕೋಟ್‌ನಿಂದಾಗಿ. ಶಾಲೆಯಿಂದ ಬಂದವಳು ಅದನ್ನು ಸೋಫಾ ಮೇಲೆ ಎಸೆಯುತ್ತಿದ್ದಳು. ಬೈದರೆ, "ಕೊಕ್ಕೆ ನನಗೆ ಎಟಕುವುದಿಲ್ಲ ಅಲ್ವಾ ಅಮ್ಮಾ" ಅನ್ನುತ್ತಾಳೆ. ನಿಜವೇ. ಮನೆಯ ಕೊಕ್ಕೆಗಳೆಲ್ಲ ದೊಡ್ಡವರ ತಲೆಯ ಮಟ್ಟಕ್ಕೆ. ಹಳೇ ಕೊಟ್ಟಿಗೆಯಲ್ಲಿ ಬಿದ್ದಿದ್ದ ಹಲಸಿನ ಹಲಗೆಯೊಂದನ್ನು ಅತ್ತೆ ಹುಡುಕಿ ಕೊಟ್ಟರು. ಅವಳ ಭುಜದ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದೆವು.

ಹಲಗೆಯ ಒಂದು ಬದಿಗೆ ಹಳೇ ಹಸಿರು ಆಯಿಲ್ ಪೇಂಟ್ ಇತ್ತು. ಅದನ್ನು ಉಜ್ಜಿ ತೆಗೆಯಲು ಹೋಗಲಿಲ್ಲ. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಭಾಗ) ಮೀರಬಾರದು ಅನ್ನುವ ನಿಯಮ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರ್‌ನಿಂದ. ಅದಕ್ಕೂ ಹಿಂದಿನ ಬಣ್ಣದಲ್ಲಿ ಎಷ್ಟಿತ್ತೋ ಯಾರು ಬಲ್ಲರು. ಒಣಗಿದ ಬಣ್ಣವನ್ನು ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿದರೆ ಆ ಧೂಳೆಲ್ಲ ನೆಲಕ್ಕೆ, ನೆಲದಿಂದ ಮಕ್ಕಳ ಕೈಗೆ, ಕೈಯಿಂದ ಬಾಯಿಗೆ. ಬಣ್ಣದ ಬದಿಯನ್ನು ಗೋಡೆಗೆ ಮಾಡಿ, ಬಣ್ಣವಿಲ್ಲದ ಬದಿಯನ್ನು ಮುಂದೆ ತಂದು, ಅಷ್ಟನ್ನೇ ನಯ ಮಾಡಿದೆ. ಹಲಸಿನ ಮರದ ಪುಡಿ ಅರಿಶಿನ ಬಣ್ಣಕ್ಕೆ ಬರುತ್ತದೆ. ಮಗಳು ಅದನ್ನು ಗೊಂಬೆಗಳ ಅಡುಗೆಗೆ ಅಂತ ಡಬ್ಬಿಯಲ್ಲಿ ತುಂಬಿಸಿಟ್ಟಳು.

ಗೋಡೆ ಕೊರೆಯುವುದು ಈಗ ನಮ್ಮಲ್ಲಿ ಭಾನುವಾರ ಬೆಳಿಗ್ಗೆಯ ಕೆಲಸ. ನೀರುದೋಸೆ ಮುಗಿದ ಮೇಲೆ, ಆಚೆಮನೆಯ ಅಜ್ಜ ಮಧ್ಯಾಹ್ನ ಮಲಗುವ ಮೊದಲು. ಮನೆಯಲ್ಲಿ ಮದುವೆ ಕಾಗದದ ಖಾಲಿ ಲಕೋಟೆಗಳು ಇದ್ದೇ ಇರುತ್ತವಲ್ಲ? ತೂತು ಬೀಳುವ ಜಾಗದ ಸ್ವಲ್ಪ ಕೆಳಗೆ ಒಂದು ಲಕೋಟೆಯನ್ನು ಬಾಯಿ ತೆರೆದು ಟೇಪಿನಲ್ಲಿ ಅಂಟಿಸುವುದು ಮಗಳ ಕೆಲಸ. ಗಣಪತಿ ಚಿತ್ರ ಇರುವ ಬದಿ ಹೊರಗೆ ಕಾಣಬೇಕು ಅನ್ನುವುದು ಅವಳ ನಿಯಮ. ಗಾರೆಯ ಪುಡಿ, ಕೆಂಪು ಮಣ್ಣು ಎಲ್ಲ ಸೀದಾ ಲಕೋಟೆಯೊಳಗೆ ಬೀಳುತ್ತದೆ. ಇಲ್ಲದಿದ್ದರೆ ಆ ಕೆಂಪು ಪುಡಿಯನ್ನು ಗುಡಿಸುವುದು, ಆಮೇಲೆ ಒರೆಸುವುದು, ಕೊರೆಯುವುದಕ್ಕಿಂತ ಜಾಸ್ತಿ ಕೆಲಸ. ನಂತರ ಇಬ್ಬರೂ ಅಜ್ಜಿಯ ಜೊತೆ ಜಗಲಿಗೆ ಹೋಗಿ ಕಿವಿ ಮುಚ್ಚಿಕೊಂಡು ಕೂರುತ್ತಾರೆ. "ಆಯ್ತು" ಅಂತ ನಾನು ಕೂಗಿದ ಮೇಲೆಯೇ ಒಳಗೆ ಪ್ರವೇಶ. ಬಂದ ಕೂಡಲೇ ಲಕೋಟೆ ತೆಗೆದು ಎಷ್ಟು ಮಣ್ಣು ಬಿತ್ತು ಅಂತ ನೋಡುವುದು. ಗಿಟ್ಟಿಯನ್ನು ಸಣ್ಣ ಸುತ್ತಿಗೆಯಲ್ಲಿ ಬಡಿದು ಕೂರಿಸುವ ಹಕ್ಕು ಮಗನದ್ದು. ಬೆರಳಿಗೆ ಬೀಳದಂತೆ ನಾನು ಇಕ್ಕಳದಲ್ಲಿ ಹಿಡಿದುಕೊಳ್ಳುತ್ತೇನೆ.

ಹಲಗೆ ಏರಿದ ದಿನದಿಂದ ಸೋಫಾ ಒಣಗಿದೆ. ಇಷ್ಟು ಸುಲಭಕ್ಕೆ ಆಗುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಚೀಲ, ನೀರಿನ ಬಾಟಲಿ, ರೈನ್‌ಕೋಟ್ ಎಲ್ಲ ಹೇಳದೆಯೇ ಕೊಕ್ಕೆಗೆ ಹೋಗುತ್ತದೆ, ಯಾಕೆಂದರೆ ಕೊಕ್ಕೆ ಅವಳದ್ದು. ಅವಳಿಗಿಂತ ಒಂದು ಗೇಣು ಕೆಳಗೆ ತಮ್ಮನಿಗೂ ಒಂದು ಹಾಕಿದೆವು. ಅದರಲ್ಲಿ ಅವನು ನೇತುಹಾಕುವುದು ಒಂದು ದಿನ ಸಾಂಬಾರಿನ ಸೌಟು, ಇನ್ನೊಂದು ದಿನ ಅಜ್ಜನ ಮಂಗನ ಟೋಪಿ. ಸೌಟು ಬೇಕಾದಾಗ ಎಲ್ಲಿ ಹುಡುಕಬೇಕು ಅಂತ ಈಗ ಗೊತ್ತಲ್ಲ, ಅಷ್ಟು ಸಾಕು.

ಗುಂಡಿಯ ಕಥೆ ಮುಗಿಯಿತೇ? ಮುಗಿಯಿತು. ಮೆಷಿನ್ ಒಳಗೆ ಕಿಡಿ ಜಾಸ್ತಿ ಕಾಣತೊಡಗಿತು ಅಂತ ಮೋಟಾರ್ ವೈಂಡಿಂಗ್ ಅಂಗಡಿಗೆ ಒಯ್ದೆ. ಕಾರ್ಬನ್ ಬ್ರಶ್ ಸವೆದಿತ್ತು. ಬದಲಾಯಿಸುವಾಗ ಗುಂಡಿಯ ವಿಷಯ ಹೇಳಿದೆ. "ಅದು ಬೇಡದಿದ್ರೆ ತೆಗೆದು ಕೊಡ್ತೇನೆ, ಅದರಲ್ಲೇನುಂಟು" ಅಂದರು. ಬ್ರಶ್ಶು, ಮಜೂರಿ ಎಲ್ಲ ಸೇರಿ ₹250. ಈಗ ಬೆರಳು ತೆಗೆದರೆ ಮೆಷಿನ್ ನಿಲ್ಲುತ್ತದೆ. ಕಂಪನಿ ಮಾಡಬಹುದಾಗಿದ್ದ ಕೆಲಸ. ವಾರಂಟಿ ಇರುವಾಗ ಹೀಗೆ ಬಿಚ್ಚಿಸಿದರೆ ವಾರಂಟಿ ಹೋಗುತ್ತದೆ, ನನ್ನದು ಮುಗಿದಿತ್ತು. ವಾರಂಟಿ ಇರುವವರು ಸ್ವಿಚ್ ಇರುವ ಎಕ್ಸ್‌ಟೆನ್ಷನ್ ಬೋರ್ಡ್ ಕಾಲ ಬಳಿಯೇ ಇಟ್ಟುಕೊಂಡು, ಕರೆಂಟ್ ಹೋದ ತಕ್ಷಣ ಅದನ್ನು ಆರಿಸಿ.

ಮಕ್ಕಳಿರುವ ಮನೆಗೆ ಅನುಕೂಲವಾದ ಒಂದು ಅಂಶ ಇದರಲ್ಲಿದೆ, ಜಾಹೀರಾತಿನಲ್ಲಿ ಮಾತ್ರ ಅದನ್ನು ಹೇಳುವುದಿಲ್ಲ. ಇದು ಚಕ್ ಬಿಗಿಯಲು ಕೀ ಬೇಕಾಗುವ ಹಳೇ ನಮೂನೆ. ಕೆಲಸ ಆದ ಮೇಲೆ ಬಿಟ್ ತೆಗೆದು, ಕೀಯನ್ನು ನನ್ನ ಬೀರುವಿನ ಕೀಗೊಂಚಲಿಗೆ ಸೇರಿಸಿದರೆ, ಮೆಷಿನ್ ಸಿಕ್ಕಿದರೂ ಮಕ್ಕಳಿಗೆ ಬಿಟ್ ಸರಿಯಾಗಿ ಬಿಗಿಯಲು ಬರುವುದಿಲ್ಲ. ಕೀ ಸಿಕ್ಕಿಸಲು ಕೊಟ್ಟ ರಬ್ಬರ್ ಪಟ್ಟಿ ಮಾತ್ರ ಮೊದಲ ವರ್ಷವೇ ಹರಿಯಿತು. ಕಿಟ್‌ನ ಬಿಟ್‌ಗಳೂ ಅಷ್ಟೇ, 6 ಮತ್ತು 8 ಎಂಎಂನವು ಬೇಗ ಮೊಂಡಾದವು. ಆ ಎರಡನ್ನು ಒಳ್ಳೇದು ನೋಡಿ ಬೇರೆಯೇ ತಗೊಳ್ಳಿ, ಕಿಟ್ ಬೇಡ, ಬರೀ ಮೆಷಿನ್ ಸಾಕು. ಇನ್ನೊಂದು, ಸ್ವಿಚ್ ಬೋರ್ಡಿನ ನೇರ ಮೇಲೆ ಕೆಳಗೆ ಕೊರೆಯಬೇಡಿ, ಗೋಡೆಯೊಳಗಿನ ವೈರ್ ಸಾಮಾನ್ಯವಾಗಿ ಅಲ್ಲೇ ಇಳಿದಿರುತ್ತದೆ.

ಬ್ಯಾಟರಿಯದ್ದು ತಗೊಳ್ಳಬಹುದಿತ್ತಲ್ಲ ಅಂತ ತಂಗಿ ಕೇಳಿದಳು. ತಗೊಳ್ಳಬಹುದಿತ್ತು. ವೈರಿನ ರಗಳೆ ಇಲ್ಲ, ಸದ್ದೂ ಕಮ್ಮಿ, ಮರಕ್ಕೆ ಸ್ಕ್ರೂ ಬಿಗಿಯಲು ಇದಕ್ಕಿಂತ ವಾಸಿ. ಆದರೆ ಹ್ಯಾಮರ್ ಇರುವ ಒಳ್ಳೆಯ ಬ್ಯಾಟರಿ ಮೆಷಿನ್‌ಗೆ ನನ್ನ ಬಜೆಟ್‌ನ ದುಪ್ಪಟ್ಟು ಬೇಕು, ವರ್ಷಕ್ಕೆ ಕೆಲವೇ ಭಾನುವಾರಗಳ ಕೆಲಸಕ್ಕೆ ನಾನು ಅಷ್ಟು ಹಾಕುವುದಿಲ್ಲ. ಅಂಗಡಿಯಿಂದ ಬಂದ ಹಾಗೇ ಆದರೆ ಇದಕ್ಕೆ ಐದರಲ್ಲಿ ಎರಡು ಸ್ಟಾರ್. ಗುಂಡಿ ತೆಗೆಸಿದ ಮೇಲೆ ನಾಲ್ಕು.

ನಮ್ಮ ಓಣಿಯವರಿಗೆ ಒಂದು ಮಾತು, ಹೇಗೂ ಓದುತ್ತೀರಿ. ಮೆಷಿನ್ ಬೇಕಾದರೆ ಒಯ್ಯಿರಿ, ಬೇಡ ಅನ್ನುವುದಿಲ್ಲ. 8 ಎಂಎಂ ಬಿಟ್ ಮಾತ್ರ ನಿಮ್ಮದೇ ತನ್ನಿ. ಕಳೆದ ಸಲ ಯಾರೋ ಅದನ್ನು ಬಚ್ಚಲಿನ ಟೈಲ್ಸ್‌ಗೆ ಹಾಕಿ ಮೂತಿ ತೇಯ್ದು ಕೊಟ್ಟಿದ್ದೀರಿ.